ಟೆಕ್ಸಾಸ್ ಅಂತ ಬರೆದರೆ ಟೆಕ್ಸಾಸ್ ಆಗುತ್ತಾ?

ನಮಸ್ಕಾರ. ಇವತ್ತು ಒಂದು ಬಾಗಿಲಿನಿಂದ ಶುರು ಮಾಡೋಣ. ಜಾನ್ ಫೋರ್ಡ್ ಅವರ 'ದಿ ಸರ್ಚರ್ಸ್', 1956ರ ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮದ ಕುದುರೆ-ಬಂದೂಕಿನ ಸಿನಿಮಾ. ತೆರೆಯ ಮೇಲೆ 'ಟೆಕ್ಸಾಸ್ 1868' ಅಂತ ಬರುತ್ತದೆ. ಕತ್ತಲೆ ತುಂಬಿದ ಮನೆಯೊಳಗಿಂದ ಒಬ್ಬ ಹೆಂಗಸು ಬಾಗಿಲು ತೆಗೆಯುತ್ತಾಳೆ. ಹೊರಗೆ ರಣಬಿಸಿಲು, ಕೆಂಪು ನೆಲ, ಅಲ್ಲಲ್ಲಿ ಎದ್ದು ನಿಂತ ಕೆಂಪು ಕಲ್ಲಿನ ಗೋಪುರಗಳು. ದೂರದಿಂದ ಕುದುರೆ ಮೇಲೆ ಒಬ್ಬ ಬರುತ್ತಾನೆ.

ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ಟೆಕ್ಸಾಸ್ ಅಲ್ಲ. ಅರಿಜೋನಾ ಮತ್ತು ಯೂಟಾ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿ, ನವಾಹೊ ಅನ್ನೋ ಮೂಲನಿವಾಸಿಗಳ ನೆಲ. ಸಿನಿಮಾದಲ್ಲಿ ಕೊಮಾಂಚಿ ಅನ್ನೋ ಇನ್ನೊಂದು ಬುಡಕಟ್ಟಿನವರಾಗಿ ಕುದುರೆ ಓಡಿಸಿದವರಲ್ಲೂ ನವಾಹೊಗಳೇ ಇದ್ದರು. ಕೊಮಾಂಚಿ ನಾಯಕನ ಪಾತ್ರ ಮಾಡಿದ ಹೆನ್ರಿ ಬ್ರ್ಯಾಂಡನ್ ಹುಟ್ಟಿದ್ದು ಬರ್ಲಿನ್‌ನಲ್ಲಿ! ಇನ್ನೂ ಒಂದು ವಿಷಯ. ಕಥೆ ಪ್ರಕಾರ ಆ ಮನೆಯವರು ದನ ಸಾಕಿ ಬದುಕುವವರು. ಆ ಕೆಂಪು ಮರಳಲ್ಲಿ ದನ ಏನು ಮೇಯಬೇಕು? ಹುಲ್ಲೆಲ್ಲಿದೆ?

ಯಾರೂ ಕೇಳಲ್ಲ. ಯಾಕೆಂದರೆ ಅದು ಅಮೆರಿಕ. ಅದೇ ಸ್ಪೇನ್‌ನಲ್ಲಿ ತೆಗೆದ ವೆಸ್ಟರ್ನ್ ಆಗಿದ್ದರೆ ಮೂಗು ಮುರಿಯುತ್ತಾರೆ. ಇಟಲಿಯವರು ತೆಗೆದ ವೆಸ್ಟರ್ನ್‌ಗಳಿಗೆ 'ಸ್ಪಾಗೆಟಿ ವೆಸ್ಟರ್ನ್' ಅನ್ನೋ ಹೆಸರು ಮೊದಲು ಬಂದಿದ್ದೇ ಹೀಯಾಳಿಕೆಯಾಗಿ. ಈ ಜಗಳ ಈಗಲೂ ನಿಂತಿಲ್ಲ. 2022ರಲ್ಲಿ ಹಿರಿಯ ನಟ ಸ್ಯಾಮ್ ಎಲಿಯಟ್ ಒಂದು ಪಾಡ್‌ಕಾಸ್ಟ್‌ನಲ್ಲಿ 'ದಿ ಪವರ್ ಆಫ್ ದಿ ಡಾಗ್' ಅನ್ನೋ ಸಿನಿಮಾ ಮೇಲೆ ಹರಿಹಾಯ್ದರು. ಅವರಿಗೆ ಬೇರೆ ತಕರಾರೂ ಇದ್ದವು, ಅದಕ್ಕೆ ಆಮೇಲೆ ಕ್ಷಮೆಯನ್ನೂ ಕೇಳಿದರು. ಒಂದು ತಕರಾರು ಮಾತ್ರ ಇದೇ: ನ್ಯೂಜಿಲೆಂಡ್‌ನಲ್ಲಿ ಚಿತ್ರೀಕರಿಸಿ ಮೊಂಟಾನಾ ಅಂತ ಕರೆಯೋದು ಏನಕ್ಕೆ? ನಿರ್ದೇಶಕಿ ಜೇನ್ ಕ್ಯಾಂಪಿಯನ್ ಕೊಟ್ಟ ಉತ್ತರದ ತಿರುಳು ಇಷ್ಟು: ವೆಸ್ಟ್, ಅಂದರೆ ಅಮೆರಿಕದ ಪಶ್ಚಿಮ ಅನ್ನೋದು ಒಂದು ಪುರಾಣದ ಜಾಗ, ಅಲ್ಲಿ ಎಲ್ಲರಿಗೂ ಜಾಗ ಇದೆ.

ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಇಲ್ಲ. ಪುರಾಣ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಕ್ಯಾಮೆರಾ ಇಡಬಹುದು ಅಂತಲ್ಲ. ಹಾಗಂತ ಆ ನೆಲ ಯಾವ ದೇಶದ್ದು ಅಂತ ವಿಚಾರಿಸೋದೂ ದಂಡ. ನಾನು ನೋಡೋದು ಒಂದೇ. ಕಥೆಗೆ ಆ ನೆಲದಿಂದ ಏನು ಬೇಕೋ ಅದನ್ನು ನೆಲ ಕೊಡುತ್ತಿದೆಯಾ? ಬಾಯಾರಿಕೆಯ ಕಥೆಯಾದರೆ ಬಾಯಾರಬೇಕು. ಪೊಲೀಸು ಕೋರ್ಟು ಬರೋಕೆ ವಾರ ಆಗುತ್ತೆ ಅನ್ನೋ ಕಥೆಯಾದರೆ ಆ ದೂರ ಕಾಣಬೇಕು.

ಈಗ ಸ್ಪೇನ್‌ಗೆ ಬನ್ನಿ. ದಕ್ಷಿಣದಲ್ಲಿ ಅಲ್ಮೇರಿಯಾ ಪ್ರಾಂತ್ಯ, ಅಲ್ಲಿ ತಬೆರ್ನಾಸ್ ಅನ್ನೋ ಮರುಭೂಮಿ. ಬೋಳು ಗುಡ್ಡಗಳು, ಮಳೆ ಬಂದಾಗ ಮಾತ್ರ ಹರಿಯೋ ಒಣ ಹಳ್ಳಗಳು. ಸೆರ್ಜಿಯೋ ಲಿಯೋನೆ ಮತ್ತು ಅವರ ಕಾಲದ ಇಟಲಿಯ ನಿರ್ದೇಶಕರು ಅಲ್ಲಿಗೆ ಹೋಗಿದ್ದಕ್ಕೆ ದೊಡ್ಡ ತತ್ವವೇನೂ ಕಾರಣ ಅಲ್ಲ. ಖರ್ಚು ಕಡಿಮೆ, ಬಿಸಿಲು ಜಾಸ್ತಿ, ರೋಮ್‌ನಿಂದ ಹತ್ತಿರ. ಆದರೆ ಅವರಿಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

1965ರ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ನೆನಪಿದೆಯಾ? ಅದರಲ್ಲಿ ಆಗ್ವಾ ಕಾಲಿಯೆಂತೆ ಅನ್ನೋ ಗಡಿ ಊರು ಬರುತ್ತೆ. ಸುಣ್ಣ ಬಳಿದ ಗಿಡ್ಡ ಮನೆಗಳು, ಸಣ್ಣ ಸಣ್ಣ ಕಿಟಕಿ, ಗಾಳಿಗೆ ಏಳೋ ಧೂಳು. ಅದು ಲಾಸ್ ಅಲ್ಬರಿಕೋಕೆಸ್ ಅನ್ನೋ ನಿಜವಾದ ಹಳ್ಳಿ. ಈಗಲೂ ಅಲ್ಲಿ ಜನ ವಾಸ ಇದ್ದಾರೆ. ಕೊನೆಯ ಕಾಳಗದಲ್ಲಿ ಜೇಬುಗಡಿಯಾರದ ಸಂಗೀತ ನಡೆಯುತ್ತಿರುವಾಗ ಇಬ್ಬರು ಎದುರುಬದುರು ನಿಲ್ಲುತ್ತಾರಲ್ಲ, ಕಲ್ಲು ಸುತ್ತಿದ ದುಂಡನೆ ಜಾಗ? ಅದು ಊರವರ ಒಕ್ಕಣೆ ಕಣ. ನಮ್ಮ ಕಡೆಯ ಯಾವ ರೈತನಿಗೆ ತೋರಿಸಿದರೂ ಥಟ್ಟನೆ ಗುರುತು ಹಿಡೀತಾನೆ. ಕಾಳು ಬಡಿಯೋ ಕಣದಲ್ಲಿ ಇಬ್ಬರು ಕೊಲ್ಲೋಕೆ ನಿಂತಿದ್ದಾರೆ. ಅದನ್ನು ಯಾವ ಆರ್ಟ್ ಡೈರೆಕ್ಟರ್ ಕಟ್ಟಿದ್ದರೂ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಇನ್ನೂ ಒಂದು ಮಾತು. ಮೆಕ್ಸಿಕೋದಲ್ಲಿ ಆ ಥರ ಮನೆ, ಚರ್ಚು, ಅಂಗಳ ಕಟ್ಟೋದನ್ನು ತಂದವರು ಯಾರು? ಸ್ಪೇನ್‌ನವರೇ ತಾನೇ. ಅಮೆರಿಕ-ಮೆಕ್ಸಿಕೋ ಗಡಿಯ ಕಥೆಯನ್ನು ದಕ್ಷಿಣ ಸ್ಪೇನ್‌ನಲ್ಲಿ ತೆಗೆದರೆ, ಆ ಗೋಡೆಗಳ ತಾಯಿಮನೆಗೇ ಹೋದ ಹಾಗೆ. ಹಾಲಿವುಡ್ ಸ್ಟುಡಿಯೋ ಹಿತ್ತಿಲಲ್ಲಿ ಪ್ಲೈವುಡ್ ಹೊಡೆದು ಮಾಡಿದ ಮೆಕ್ಸಿಕೋಗಿಂತ ಇದನ್ನು ನಾನು ಸುಲಭವಾಗಿ ನಂಬುತ್ತೇನೆ.

ಇದೇ ಲಿಯೋನೆ ಅವರ 1968ರ ಸಿನಿಮಾ, 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಕಥೆ ಪೂರ್ತಿ ನಿಂತಿರೋದು ನೀರಿನ ಮೇಲೆ. ರೈಲು ಬರುತ್ತಿದೆ, ಉಗಿ ಎಂಜಿನ್‌ಗೆ ನೀರು ಬೇಕು, ಸುತ್ತ ಎಲ್ಲೂ ನೀರಿಲ್ಲ, ಸ್ವೀಟ್‌ವಾಟರ್ ಅನ್ನೋ ಬರಡು ಜಾಗದಲ್ಲಿ ಮಾತ್ರ ಇದೆ. ಅದಕ್ಕಾಗಿಯೇ ಕೊಲೆಗಳು. ನಾಯಕಿ ಕ್ಲಾಡಿಯಾ ಕಾರ್ಡಿನಾಲೆ ರೈಲು ಇಳಿಯುವ ಫ್ಲ್ಯಾಗ್‌ಸ್ಟೋನ್ ಪಟ್ಟಣದ ಸೆಟ್ ಹಾಕಿದ್ದು ಸ್ಪೇನ್‌ನ ಗ್ರಾನಡಾ ಪ್ರಾಂತ್ಯದ ಲಾ ಕಲಹೋರಾ ಹತ್ತಿರ. ಅಲ್ಲಿಂದ ಗಾಡಿ ಹತ್ತಿದರೆ ದಾರಿಯಲ್ಲಿ ಮಾನ್ಯುಮೆಂಟ್ ವ್ಯಾಲಿ. ಲಿಯೋನೆಗೆ ಫೋರ್ಡ್ ಅಂದರೆ ಭಕ್ತಿ, ಅದಕ್ಕೇ ಅಲ್ಲಿಗೇ ಹೋಗಿ ತೆಗೆದರು. ಗಾಡಿ ಕೊನೆಗೆ ನಿಲ್ಲೋ ಸ್ವೀಟ್‌ವಾಟರ್ ಮನೆ ಇರೋದು ತಬೆರ್ನಾಸ್‌ನಲ್ಲಿ. ಒಂದೇ ಪ್ರಯಾಣದಲ್ಲಿ ಎರಡು ಸಲ ಅಟ್ಲಾಂಟಿಕ್ ದಾಟುತ್ತಾಳೆ!

ಈ ಮೂರರಲ್ಲಿ ನನಗೆ ಎಲ್ಲಿ ತೊಡಕಾಯಿತು ಗೊತ್ತಾ? ಅಮೆರಿಕದಲ್ಲಿ. ಸ್ಪೇನ್‌ನ ಮಾಸಲು ನೆಲ ನೋಡುತ್ತಿದ್ದ ಕಣ್ಣಿಗೆ ಇದ್ದಕ್ಕಿದ್ದ ಹಾಗೆ ಕಡುಗೆಂಪು. ಸಂಗೀತ ಏರುತ್ತೆ, ಕ್ಯಾಮೆರಾ ಅಗಲ ಆಗುತ್ತೆ, ನಾನು ಕಥೆ ಬಿಟ್ಟು ಪೋಸ್ಟ್‌ಕಾರ್ಡ್ ನೋಡುತ್ತಾ ಕೂತೆ. ಮತ್ತೆ ತಬೆರ್ನಾಸ್ ಬಂದಾಗಲೇ ಕಥೆಗೆ ವಾಪಸ್. ಹಾಗಂತ ಸ್ಪೇನ್ ಭಾಗದಲ್ಲಿ ಎಲ್ಲ ಸರಿ ಅಂತ ಹೇಳಲ್ಲ. ಒಂದು ಮರವೂ ಇಲ್ಲದ ಸ್ವೀಟ್‌ವಾಟರ್‌ನಲ್ಲಿ ಅಷ್ಟು ದಪ್ಪ ದಿಮ್ಮಿಗಳ ಮನೆ ಹೇಗೆ ಬಂತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ಮನೆ ಇನ್ನೂ ಅಲ್ಲೇ ಇದೆ, ಪ್ರವಾಸಿಗರು ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಹಾಗಾದರೆ ಹೊರದೇಶದ ಜಾಗ ಕಥೆ ಕೆಡಿಸೋದೇ ಇಲ್ವಾ? ಕೆಡಿಸುತ್ತೆ. 1960ರ ದಶಕದಲ್ಲಿ ಜರ್ಮನ್ನರು ವಿನೆಟೂ ಅನ್ನೋ ಅಪಾಚೆ ಬುಡಕಟ್ಟಿನ ವೀರನ ಸಿನಿಮಾಗಳನ್ನು ಸಾಲಾಗಿ ತೆಗೆದರು. ಪಾತ್ರ ಮಾಡಿದ್ದು ಫ್ರಾನ್ಸ್‌ನ ಪಿಯರ್ ಬ್ರೀಸ್. ಚಿತ್ರೀಕರಣ ಆಗಿನ ಯುಗೊಸ್ಲಾವಿಯಾದಲ್ಲಿ, ಅಂದರೆ ಈಗಿನ ಕ್ರೊಯೇಷಿಯಾದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ. ಪ್ಲಿಟ್‌ವಿಟ್ಸೆ ಅಂತ ಸರೋವರಗಳಿವೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಹಸಿರು-ನೀಲಿ ನೀರು, ಎಲ್ಲಿ ನೋಡಿದರೂ ಝರಿ. ಕಣ್ಣಿಗೆ ಹಬ್ಬ. ಆದರೆ ಅಲ್ಲಿ ನಿಂತ ಅಪಾಚೆಯನ್ನು ನಾನು ನಂಬಲಾರೆ. ಆ ಜನರ ಬದುಕೇ ನೀರಿನ ಸುಳಿವು ಹಿಡಿದು ನಡೆಯೋದು. ಕೈ ಚಾಚಿದ ಕಡೆ ನೀರಿದ್ದರೆ ಅವನ ಜಾಣತನಕ್ಕೆ ಏನು ಕೆಲಸ? ತಮಾಷೆ ಅಂದರೆ, ಕಥೆ ಬರೆದ ಕಾರ್ಲ್ ಮೇ ಅವನ್ನೆಲ್ಲ ಬರೆಯುವಾಗ ಅಮೆರಿಕ ಕಂಡೇ ಇರಲಿಲ್ಲ. 1908ರಲ್ಲಿ ಹೋದಾಗಲೂ ವೆಸ್ಟ್ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಜರ್ಮನ್ನರಿಗೆ ಅದು ತಾವು ಚಿಕ್ಕಂದಿನಲ್ಲಿ ಓದಿದ ವೆಸ್ಟ್. ಅವರ ಪ್ರೀತಿಗೆ ನಾನು ಅಡ್ಡ ಬರಲ್ಲ.

ಇದನ್ನೆಲ್ಲ ಕನ್ನಡದವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು, ಯಾಕೆಂದರೆ ನಮ್ಮ ಹತ್ತಿರ ರಾಮನಗರ ಇದೆ. 1975ರ 'ಶೋಲೆ'ಯನ್ನು ವೆಸ್ಟರ್ನ್ ಅಲ್ಲ ಅಂತ ಹೇಳೋರು ಯಾರು? ಕುದುರೆ ಮೇಲಿನ ಡಕಾಯಿತರ ಕಥೆ ಅಂದರೆ ಉತ್ತರದವರ ಮನಸ್ಸಿಗೆ ಬರೋದು ಚಂಬಲ್, ಮಣ್ಣು ಕೊರೆದು ಆದ ಕಂದರಗಳು. ರಮೇಶ್ ಸಿಪ್ಪಿ ಬಂದಿದ್ದು ಮಾತ್ರ ಮೈಸೂರು ರಸ್ತೆಯ ರೇಷ್ಮೆ ಊರಿಗೆ, ರಾಮದೇವರ ಬೆಟ್ಟದ ಬುಡಕ್ಕೆ. ಅಲ್ಲಿ ರಾಮ್‌ಗಢ ಎದ್ದಿತು. ಬಂಡೆ ಕಂಡ ಕೂಡಲೇ 'ಅರೆ, ನಮ್ಮ ರಾಮನಗರ' ಅನ್ನಿಸುತ್ತೆ, ಸುಳ್ಳಲ್ಲ. ಆದರೆ ಗಬ್ಬರ್ ಬೂಟು ಕಲ್ಲಿನ ಮೇಲೆ ಕರಕರ ಅನ್ನೋಕೆ ಶುರುವಾದರೆ, ಕೈಲಿರೋ ಬೆಲ್ಟ್ ಬಂಡೆಗೆ ಉಜ್ಜುತ್ತಾ ಬಂದರೆ, ಯಾವ ರಾಮನಗರ? ಮಣ್ಣಿನ ಕಂದರದಲ್ಲಿ ಆ ಸದ್ದು ಹುಟ್ಟುತ್ತಲೇ ಇರಲಿಲ್ಲ. (ಇದೇ ಸುತ್ತಿನ ಬಂಡೆಗಳು 1984ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ತೆಗೆದ ಡೇವಿಡ್ ಲೀನ್‌ಗೆ ಉತ್ತರ ಭಾರತದ ಗುಹೆಗಳೂ ಆದವು. ನಮ್ಮ ಬಂಡೆಗಳು ಒಳ್ಳೆ ನಟರು.)

'ಶೋಲೆ'ಯಲ್ಲಿ ಜನ ನಿಜವಾಗಿ ಕಾಲೆಳೆಯೋದು ಯಾವುದನ್ನು ನೋಡಿ. ವೀರು ಕುಡಿದು ಹತ್ತುತ್ತಾನಲ್ಲ, ಆ ನೀರಿನ ಟ್ಯಾಂಕ್. ಠಾಕೂರ್ ಮನೆಯಲ್ಲಿ ಜಯಾ ಭಾದುರಿ ದಿನಾ ರಾತ್ರಿ ದೀಪ ಆರಿಸುತ್ತಾಳೆ, ಯಾಕೆಂದರೆ ಊರಿಗೆ ಕರೆಂಟ್ ಇಲ್ಲ. ಕರೆಂಟೇ ಇಲ್ಲದ ಮೇಲೆ ಅಷ್ಟು ಎತ್ತರದ ಟ್ಯಾಂಕಿಗೆ ನೀರು ಹತ್ತಿಸಿದವರು ಯಾರು? ಎಷ್ಟು ವರ್ಷದಿಂದ ಓಡುತ್ತಿರೋ ಜೋಕು ಇದು. ಬಂಡೆ ಯಾವ ರಾಜ್ಯದ್ದು ಅಂತ ಯಾರೂ ಜೋಕು ಮಾಡಲ್ಲ. ತಾನೇ ಕಟ್ಟಿದ ಊರಿನ ಲೆಕ್ಕ ತಪ್ಪಿದಾಗಲೇ ಸೆಟ್ ಸಿಕ್ಕಿಬೀಳೋದು.

ನನ್ನನ್ನು ಕಥೆಯಿಂದ ಎಬ್ಬಿಸೋದು ಬೇರೆ ವಸ್ತುಗಳು. ಮೂರು ದಿನ ಕುದುರೆ ಮೇಲೆ ಬಂದವನ ಅಂಗಿ ಇಸ್ತ್ರಿ ಹಾಕಿದ ಹಾಗೆ ಇರೋದು. ಹೊಚ್ಚ ಹೊಸ ಹಲಗೆಯ ಸಲೂನ್, ಬಾಗಿಲ ಹಿಡಿ ಹತ್ತಿರ ಒಂದು ಕೈಗುರುತೂ ಇಲ್ಲ. ಇಟಲಿಯ ವೆಸ್ಟರ್ನ್‌ಗಳಲ್ಲಿ ಒಬ್ಬೊಬ್ಬ ನಟ ತನ್ನ ತನ್ನ ಭಾಷೆಯಲ್ಲಿ ಮಾತಾಡಿ, ಆಮೇಲೆ ಡಬ್ಬಿಂಗ್ ಆಗೋದು. ತುಟಿ ಒಂದು ಕಡೆ, ಮಾತು ಒಂದು ಕಡೆ. ಸ್ಪೇನ್‌ನ ಗುಡ್ಡಕ್ಕಿಂತ ನೂರು ಪಾಲು ಜಾಸ್ತಿ ಕಿರಿಕಿರಿ ಇದು. ಅದೃಷ್ಟಕ್ಕೆ ಕ್ಲಿಂಟ್ ಈಸ್ಟ್‌ವುಡ್ ಮಾತಾಡಿದ್ದೇ ಕಡಿಮೆ.

ಇನ್ನು ವಿನೆಟೂ ವಿಷಯಕ್ಕೆ ಬೈಯೋರು ಇದ್ದರೆ ಕಾಮೆಂಟ್‌ಗೆ ಬನ್ನಿ. ಜರ್ಮನಿಯಲ್ಲಿರೋ ಕನ್ನಡದವರು ಯಾರಾದರೂ ಖಂಡಿತ ಬರ್ತೀರ ಅಂತ ಗೊತ್ತು. ಒಂದೇ ಷರತ್ತು: ಪ್ಲಿಟ್‌ವಿಟ್ಸೆ ಎಷ್ಟು ಚೆಂದ ಅಂತ ಹೇಳಬೇಡಿ, ಅದನ್ನು ಆಗಲೇ ಒಪ್ಪಿಕೊಂಡಿದ್ದೀನಿ. ಅಲ್ಲಿ ಒಬ್ಬನಿಗಾದರೂ ಬಾಯಾರಿದ್ದು ಯಾವ ಸೀನ್‌ನಲ್ಲಿ, ಅದನ್ನು ಹೇಳಿ.