ಶತ್ರುಗಳ ಪಟ್ಟಿಯಲ್ಲಿ ಅಮ್ಮಂದಿರು

ಕೇಳುಗರೇ, ನಮಸ್ಕಾರ.

ನೀವು ಕಿವಿಗೊಟ್ಟಿರುವ ಈ ರೇಡಿಯೊ ಒಂದು ಕಾಲದ ಅಮೆರಿಕದಲ್ಲಿ ಅನುಮಾನದ ವಸ್ತುವಾಗಿತ್ತು. ಎರಡನೇ ಮಹಾಯುದ್ಧದ ನಡುವೆ, 1941ರ ಡಿಸೆಂಬರಿನಲ್ಲಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅಮೆರಿಕದ ಮೇಲೆ ಯುದ್ಧ ಸಾರಿದ. ಇಟಲಿಯಿಂದ ಹೋಗಿ ನೆಲೆಸಿ, ಪೌರತ್ವ ಪಡೆಯದೆ ಉಳಿದಿದ್ದ ಸುಮಾರು 6 ಲಕ್ಷ ಜನ ‘ಶತ್ರು ದೇಶದವರು’ ಎನಿಸಿಕೊಂಡರು. ಬೆರಳಚ್ಚು ಕೊಡಬೇಕು, ಗುರುತಿನ ಪುಸ್ತಕ ಜೊತೆಗಿರಬೇಕು, ಶಾರ್ಟ್‌ವೇವ್ ರೇಡಿಯೊ, ಕ್ಯಾಮೆರಾಗಳನ್ನು ಒಪ್ಪಿಸಬೇಕು.

ಯಾರು ಈ ಶತ್ರುಗಳು? ಅವರಲ್ಲಿ ಎಷ್ಟೋ ಮಂದಿ ವಯಸ್ಸಾದ ತಾಯಂದಿರು. ಮನೆ, ಮಕ್ಕಳು, ಚರ್ಚು ಬಿಟ್ಟರೆ ಬೇರೆ ಲೋಕ ಕಾಣದವರು. ಪೌರತ್ವ ಬೇಕೆಂದರೆ ಇಂಗ್ಲಿಷ್ ಬರಬೇಕು. ತಮ್ಮ ಭಾಷೆಯಲ್ಲೇ ಅಕ್ಷರ ಕಲಿಯದವರು ಆ ಪರೀಕ್ಷೆಗೆ ಹೇಗೆ ಕೂರುತ್ತಾರೆ? ಅವರ ಗಂಡುಮಕ್ಕಳು ಮಾತ್ರ ಅಮೆರಿಕದಲ್ಲೇ ಹುಟ್ಟಿದವರು, ಅದೇ ದೇಶದ ಸಮವಸ್ತ್ರ ತೊಟ್ಟವರು.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸುಮಾರು 10,000 ಜನರಿಗೆ ಮನೆ ಬಿಡುವಂತೆ ಆಜ್ಞೆಯಾಯಿತು. ಅಲ್ಲಿನ ಮಾಂಟೆರೆ ಊರಿನ ಒಬ್ಬ ತಾಯಿ, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯಲ್ಲಿ ಮಗನನ್ನು ಕಳೆದುಕೊಂಡಿದ್ದಳು. ಸೂತಕದ ಆ ಮನೆಯನ್ನೂ ಆಜ್ಞೆ ಬಿಡಲಿಲ್ಲ. ಬೇಸ್‌ಬಾಲ್ ಆಟಗಾರ ಜೋ ಡಿಮ್ಯಾಜಿಯೊನನ್ನು ಇಡೀ ದೇಶ ತಲೆಯ ಮೇಲೆ ಹೊತ್ತು ಮೆರೆಸುತ್ತಿತ್ತು. ಸಿಸಿಲಿಯಿಂದ ಬಂದ ಅವನ ಮೀನುಗಾರ ತಂದೆಗೆ ಸ್ಯಾನ್ ಫ್ರಾನ್ಸಿಸ್ಕೊದ ಮೀನುಗಾರರ ದಕ್ಕೆಗೆ ಕಾಲಿಡಲು ಅಪ್ಪಣೆ ಇರಲಿಲ್ಲ.

1942ರ ಅಕ್ಟೋಬರ್ 12ರಂದು, ಇಟಲಿಯಲ್ಲಿ ಹುಟ್ಟಿದ ನಾವಿಕ ಕೊಲಂಬಸ್‌ನನ್ನು ನೆನೆಯುವ ಕೊಲಂಬಸ್ ದಿನದಂದು, ಇಟಲಿಯವರ ಮೇಲಿನ ಈ ಹಣೆಪಟ್ಟಿಯನ್ನು ತೆಗೆಯುವುದಾಗಿ ಸರ್ಕಾರ ಸಾರಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಈ ವಿಷಯವೇ ಏಳಲಿಲ್ಲ. ಯುದ್ಧದಲ್ಲಿ ಸತ್ತ ಮಗನ ಚಿತ್ರ ಗೋಡೆಯ ಮೇಲೆ, ಅವ್ವನ ಗುರುತಿನ ಪುಸ್ತಕ ಪೆಟ್ಟಿಗೆಯ ತಳದಲ್ಲಿ. ನನಗನ್ನಿಸುವುದು ಇಷ್ಟು: ಮಗನಿಗಾಗಿ ಎಲ್ಲರೆದುರು ಅಳಬಹುದಿತ್ತು, ಅವಮಾನಕ್ಕೆ ಹಾಗೆ ಅಳಲಾಗುತ್ತಿರಲಿಲ್ಲ. ದೇಶಕ್ಕಾಗಿ ಮಡಿದವನ ತಾಯಿಯನ್ನು ಅದೇ ದೇಶ ಶತ್ರು ಎಂದಿತ್ತೆಂದು ಮೊಮ್ಮಕ್ಕಳಿಗೆ ಯಾವ ಬಾಯಲ್ಲಿ ಹೇಳುವುದು? ಸಂಕೋಚಕ್ಕೆ ಇನ್ನೊಂದು ಕಾರಣವೂ ಇದ್ದಿರಬೇಕು. ಜಪಾನ್ ಮೂಲದ ಸುಮಾರು 1,20,000 ಜನರನ್ನು, ಪೌರರೆಂದೂ ನೋಡದೆ, ಶಿಬಿರಗಳಿಗೆ ಅಟ್ಟಲಾಗಿತ್ತು. ಅದರ ಮುಂದೆ ತಮ್ಮದು ಯಾವ ಲೆಕ್ಕ ಎಂದುಕೊಂಡವರೂ ಇದ್ದಾರು.

ಮಾತು ಹೊರಬಂದದ್ದು 1990ರ ದಶಕದಲ್ಲಿ, ಮಕ್ಕಳು ಮೊಮ್ಮಕ್ಕಳು ಕೇಳತೊಡಗಿದಾಗ. 2000ದ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆ, ನಡೆದದ್ದು ಅನ್ಯಾಯವೆಂದು ಒಪ್ಪಿಕೊಂಡು, ಮನೆ ಬಿಡಿಸಲ್ಪಟ್ಟವರ ಹೆಸರುಗಳನ್ನು ಕಲೆಹಾಕುವಂತೆ ನ್ಯಾಯ ಇಲಾಖೆಗೆ ಹೇಳಿತು. ಪರಿಹಾರದ ಹಣದ ಮಾತು ಅದರಲ್ಲಿರಲಿಲ್ಲ. 1942ರಲ್ಲಿ ಐವತ್ತು ದಾಟಿದ್ದ ತಾಯಂದಿರು ಅದನ್ನು ಓದಿಸಿಕೊಂಡು ಕೇಳಲು ಉಳಿದಿರಲೂ ಇಲ್ಲ.

ನಮಸ್ಕಾರ.