ಬೆಲೆ ಕದಲದೆ ಪೆನ್ಸಿಲ್ ಕದಲಬಾರದು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಮಕ್ಕಳ ಗಣಿತದ ಚೌಕದ ನೋಟ್‌ಬುಕ್ ಇದ್ದರೆ ಎತ್ತಿಕೊಳ್ಳಿ, ಜೊತೆಗೊಂದು ಪೆನ್ಸಿಲ್. ಪೆನ್ನು ಬೇಡ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಷೇರು ಬೆಲೆಯ ಏರಿಳಿತ ಗುರುತಿಸುವ ಪಾಯಿಂಟ್ ಅಂಡ್ ಫಿಗರ್ ಚಾರ್ಟಿಗೆ ಬೇಕಾದ ಬಂಡವಾಳ ಇಷ್ಟೇ.

ಟಿವಿಯಲ್ಲಿ, ಮೊಬೈಲಿನಲ್ಲಿ ನೀವು ನೋಡುವ ಚಾರ್ಟಿನಲ್ಲಿ ದಿನಕ್ಕೊಂದು ಗೆರೆ ಬಿದ್ದೇ ಬೀಳುತ್ತದೆ. ಬೆಲೆ ಎರಡು ರೂಪಾಯಿ ಆಚೀಚೆ ಆದರೂ ಒಂದು ಗೆರೆ. ಗೆರೆ ಕಂಡ ಕೂಡಲೇ ಕೊಳ್ಳಲೋ, ಮಾರಲೋ ಅಂತ ಕೈ ತುರಿಸುತ್ತದೆ. ಈ ಚಾರ್ಟಿಗೆ ತಾರೀಕಿನ ಹಂಗೇ ಇಲ್ಲ. ಏರಿದರೆ ಇಂಟು ಗುರುತು, ಇಳಿದರೆ ಸೊನ್ನೆ, ಎರಡೂ ಇಲ್ಲದಿದ್ದರೆ ಪುಟ ಹಾಗೇ ಇರುತ್ತದೆ. ಬೆಲೆ ಕದಲದೆ ಪೆನ್ಸಿಲ್ ಕದಲಬಾರದು. ಈ ಒಂದು ಮಾತು ಹಿಡಿದುಕೊಳ್ಳಿ, ಮಿಕ್ಕಿದ್ದು ಕೂಡಿ ಕಳೆಯುವ ಲೆಕ್ಕ.

ಇದು ಕಂಪ್ಯೂಟರಿನ ಕೂಸಲ್ಲ. ನ್ಯೂಯಾರ್ಕಿನಲ್ಲಿ 1867ರಲ್ಲಿ ಟಿಕರ್ ಯಂತ್ರ ಬಂತು. ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬೆಲೆಗಳು ಕಟಕಟನೆ ಅಚ್ಚಾಗಿ ಬರುತ್ತಿದ್ದವು. ಅಲ್ಲಿ ಷೇರಿನ ಬೆಲೆ ನಡೆಯುತ್ತಿದ್ದದ್ದು ನಮ್ಮ ಹಳೆಯ ಲೆಕ್ಕದ ಅರೆಕಾಲಿನಲ್ಲಿ, ಅಂದರೆ ಡಾಲರಿನ ಎಂಟನೇ ಒಂದು ಪಾಲಿನಲ್ಲಿ. 46ರ ಮೇಲೆ ಅರೆಕಾಲು, 46ಕಾಲು, ಮತ್ತೆ ಅರೆಕಾಲು, ಮತ್ತೆ ಕಾಲು. ಎಲ್ಲವನ್ನೂ ಬರೆಯಹೊರಟರೆ ಕೈ ಬಿದ್ದುಹೋದೀತು. ಅದಕ್ಕೆ ಆ ಪೇಟೆಯ ಜನ ಒಂದು ಉಪಾಯ ಕಂಡುಕೊಂಡರು. 47 ಮುಟ್ಟಿತೋ, 47 ಎಂದು ಬರೆ. 46ರ ಸುತ್ತಲೇ ಕುಣಿಯುತ್ತಿದೆಯೋ, ಕುಣಿಯಲಿ ಬಿಡು. ಏರುವಾಗ ಅಂಕಿಗಳು ಒಂದರ ಮೇಲೊಂದು. ತಿರುಗಿ ಇಳಿದರೆ ಪಕ್ಕದ ಕಂಬದಲ್ಲಿ ಕೆಳಮುಖವಾಗಿ. ಚಾರ್ಲ್ಸ್ ಡೌ ತಮ್ಮ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ 1901ರಲ್ಲೇ ಈ ಪದ್ಧತಿಯ ಪ್ರಸ್ತಾಪ ಮಾಡಿದ್ದರು. ಅಂಕಿಯ ಜಾಗಕ್ಕೆ ಇಂಟು, ಸೊನ್ನೆ ಬಂದದ್ದು ಆಮೇಲೆ. ಅರೆಕಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಧೈರ್ಯ ಅವರಿಗಿತ್ತು. ನಮಗೆ ಪೈಸೆ ಬಿಡುವುದಕ್ಕೂ ಕಷ್ಟ!

ಬನ್ನಿ, ಬರೆಯೋಣ. ಷೇರು 500 ರೂಪಾಯಿ, ಚೌಕಕ್ಕೆ 10 ರೂಪಾಯಿ. ಪುಟದ ಎಡಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ 480, 490, 500 ಅಂತ ಬೆಲೆ ಬರೆದುಕೊಳ್ಳಿ. ಷೇರು ಏರಿ 548 ತಲುಪಿತು. 500ರಿಂದ 540ರವರೆಗೆ ಐದು ಇಂಟು. 550ಕ್ಕೆ ಇಲ್ಲ, ಮುಟ್ಟಿಲ್ಲವಲ್ಲ. ಇಂಟು ಕಂಬದಲ್ಲಿರುವಾಗ ದಿನವೂ ಮೊದಲು ಗರಿಷ್ಠ ಬೆಲೆ ನೋಡಿ. 550 ಮುಟ್ಟಿದ್ದರೆ ಇನ್ನೊಂದು ಇಂಟು ಹಾಕಿ ಪುಸ್ತಕ ಮುಚ್ಚಿ, ಕನಿಷ್ಠ ಬೆಲೆಯ ಕಡೆ ಕಣ್ಣೂ ಹಾಯಿಸಬೇಡಿ. ಮುಟ್ಟದಿದ್ದರೆ ಮಾತ್ರ ಕನಿಷ್ಠ ನೋಡಿ. ಕಂಬ ಬದಲಾಗಬೇಕಾದರೆ ತುದಿಯ ಇಂಟಿನಿಂದ ಮೂರು ಚೌಕ, ಅಂದರೆ 30 ರೂಪಾಯಿ ಇಳಿದು 510 ಮುಟ್ಟಬೇಕು. 521ಕ್ಕೆ ಇಳಿಯಿತು: ಏನೂ ಬರೆಯಬೇಡಿ. 512ಕ್ಕೆ ಇಳಿಯಿತು: ಆಗಲೂ ಬೇಡ. ಎರಡೇ ರೂಪಾಯಿ ತಾನೇ ಅಂತ 512ನ್ನು 510 ಮಾಡಿಬಿಡುತ್ತಾರೆ, ಚಾರ್ಟು ಕೆಡುವುದೇ ಅಲ್ಲಿ. ಮಾರನೇ ದಿನ ಬೆಲೆ ಮೇಲೆದ್ದರೆ ನಿಮ್ಮ ಪುಟದಲ್ಲಿ ಇಲ್ಲದ ಕುಸಿತವೊಂದು ಉಳಿದುಬಿಡುತ್ತದೆ. 508ಕ್ಕೆ ಬಂತೇ? ಈಗ ಬಲಗಡೆಯ ಕಂಬಕ್ಕೆ ಹೋಗಿ, ಒಂದು ಚೌಕ ಕೆಳಗಿನಿಂದ 530, 520, 510ಕ್ಕೆ ಮೂರು ಸೊನ್ನೆ ಹಾಕಿ.

ಸೊನ್ನೆ ಕಂಬದಲ್ಲಿ ಉಲ್ಟಾ: ಮೊದಲು ಕನಿಷ್ಠ, ಆಮೇಲೆ ಗರಿಷ್ಠ. 493ಕ್ಕೆ ಇಳಿದರೆ 500ರಲ್ಲಿ ಇನ್ನೊಂದು ಸೊನ್ನೆ. ಅಲ್ಲಿಂದ ತಿರುಗಿ 530 ಮುಟ್ಟಿದರೆ ಮೂರನೇ ಕಂಬ, 510ರಿಂದ ಮತ್ತೆ ಇಂಟು. ಈ ಕಂಬ 550 ಮುಟ್ಟಿತು ಅಂದರೆ ಹಿಂದಿನ ಇಂಟು ಕಂಬದ ತುದಿ ದಾಟಿತು. ಇದೇ ಡಬಲ್ ಟಾಪ್, ಕೊಳ್ಳುವ ಸೂಚನೆ. ಸ್ಟಾಪ್‌ಲಾಸ್, ಅಂದರೆ ನಷ್ಟ ಬೆಳೆಯದಂತೆ ಮಾರಿ ಹೊರಬರುವ ಬೆಲೆ ಎಲ್ಲಿ? ಸೊನ್ನೆ ಕಂಬದ ತಳ 500, ಅದರ ಕೆಳಗಿನ ಚೌಕ 490. ಇಷ್ಟಕ್ಕೆ ಹತ್ತು ದಿನ ಹಿಡಿಯಿತೋ ಎರಡು ತಿಂಗಳೋ, ದಯವಿಟ್ಟು ಕೇಳಬೇಡಿ. ಬೆಲೆ ಕದಲದೆ ಪೆನ್ಸಿಲ್ ಕದಲಬಾರದು. ತಿಂಗಳು ಬೇಕೇ ಬೇಕು ಅನ್ನುವವರು ಹೊಸ ತಿಂಗಳ ಮೊದಲ ಗುರುತಿನ ಜಾಗದಲ್ಲಿ ತಿಂಗಳ ಸಂಖ್ಯೆ ಬರೆದುಕೊಳ್ಳಿ.

ಹೊತ್ತಾಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಗುರಿಯ ಲೆಕ್ಕ, ಅಂದರೆ ಬೆಲೆ ಎಲ್ಲಿಯವರೆಗೆ ಏರಬಹುದು ಅನ್ನುವ ಅಂದಾಜು: ಮೂರನೇ ಕಂಬ 570ರವರೆಗೆ ಹೋಗಿ ತಿರುಗಿದರೆ ಏಳು ಇಂಟು. ಏಳನ್ನು 10ರಿಂದ, ಮತ್ತೆ ಮೂರರಿಂದ ಗುಣಿಸಿ, 210. ತಳದ 510ಕ್ಕೆ ಕೂಡಿಸಿದರೆ 720. ಚೌಕದ ಅಳತೆ: ಎಲ್ಲ ಷೇರಿಗೂ 10 ರೂಪಾಯಿ ಸಲ್ಲದು. 2023ರಲ್ಲಿ ಎಂಆರ್‌ಎಫ್ ಷೇರು ಲಕ್ಷ ರೂಪಾಯಿ ದಾಟಿತು. ಅದಕ್ಕೆ ಹತ್ತರ ಚೌಕ ಇಟ್ಟರೆ ಪುಸ್ತಕ ಸಾಲದು. ಶೇಕಡಾ 1ರ ಚೌಕ ಇಡಿ: 100, 101, 102.01, ಹೀಗೆ ಏಣಿ ಕಟ್ಟಿಕೊಂಡು ಹೋಗಿ. ಗರಿಷ್ಠ, ಕನಿಷ್ಠ ಬೆಲೆಗಳು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ದಿನವೂ ಪ್ರಕಟಿಸುವ ಭಾವ್‌ಕಾಪಿ ಎಂಬ ಬೆಲೆಪಟ್ಟಿಯಲ್ಲಿ ಸಿಗುತ್ತವೆ. ಒಂದು ದಿನ ಗರಿಷ್ಠ, ಕನಿಷ್ಠ ಹಿಡಿದು, ಇನ್ನೊಂದು ದಿನ ಮುಕ್ತಾಯದ ಬೆಲೆ ಹಿಡಿಯಬೇಡಿ.

ಈಗ ಪೆನ್ಸಿಲ್ ವಿಷಯ. ಕಂಪನಿ ಒಂದಕ್ಕೊಂದು ಬೋನಸ್ ಕೊಟ್ಟಿತು, ಅಂದರೆ ಇರುವ ಒಂದೊಂದು ಷೇರಿಗೂ ಇನ್ನೊಂದು ಷೇರು ಪುಕ್ಕಟೆ. 570ರಲ್ಲಿದ್ದ ಷೇರು ಬೆಳಿಗ್ಗೆ 285ಕ್ಕೆ ತೆರೆಯಿತು. ಗೊತ್ತಿಲ್ಲದವರು ಎದೆ ಹಿಡಿದುಕೊಂಡು 28 ಸೊನ್ನೆ ಸುತ್ತುತ್ತಾರೆ. ಒಂದೂ ಬೇಡ. ಇಂಟು, ಸೊನ್ನೆ ಯಾವುದನ್ನೂ ಮುಟ್ಟಬೇಡಿ. ಎಡಬದಿಯ ಬೆಲೆಗಳನ್ನಷ್ಟೇ ಅಳಿಸಿ, 500 ಇದ್ದಲ್ಲಿ 250, 510 ಇದ್ದಲ್ಲಿ 255 ಬರೆಯಿರಿ. ಚೌಕ 10 ಇದ್ದದ್ದು 5 ಆಯಿತು, ಅಷ್ಟೇ. ಪೆನ್ನಿನಲ್ಲಿ ಬರೆದಿದ್ದರೆ ಪುಟವನ್ನೇ ಹರಿಯಬೇಕಿತ್ತು. ನಮಸ್ಕಾರ.