ಹಿಂದಿನ ಬಾಗಿಲು ಮುಚ್ಚಲಿಲ್ಲ

ನಮ್ಮ ಹೋಟೆಲಿನ ಹಿಂದಿನ ಬಾಗಿಲು ಮೊದಲು ಹೇಗಿತ್ತು ಅಂತ ಸ್ವಲ್ಪ ಕೇಳಿ. ಹಸಿರು ಪೇಂಟ್, ಬುಡದಲ್ಲಿ ಮರ ಲಡ್ಡಾಗಿತ್ತು, ಚಿಲಕಕ್ಕೊಂದು ಬೀಗ. ಮುಂಬೈಯ ಮಾಟುಂಗಾದಲ್ಲಿ ಅಪ್ಪ ಹೋಟೆಲ್ ಶುರು ಮಾಡಿದಾಗಿನಿಂದ ಅದು ಇಲ್ಲೇ ಇತ್ತು. ಕೀ ಮಾತ್ರ ಗಲ್ಲಾದ ಹಿಂದಿನ ಮೊಳೆಯಲ್ಲಿ. ಅಂದರೆ ಬಾಗಿಲು ಅಡುಗೆಮನೆಯಲ್ಲಿ, ಕೀ ಹೋಟೆಲಿನ ಆ ತುದಿಯಲ್ಲಿ. ಇಷ್ಟು ವರ್ಷ ಇದು ತಪ್ಪು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ರಿನೋವೇಶನ್‌ಗೆ ಬಂದ ಇಂಟೀರಿಯರ್‌ನವರು ಇದನ್ನು ಮುಚ್ಚಿ ಗೋಡೆ ಕಟ್ಟೋಣ, ಡೀಪ್ ಫ್ರೀಜರ್ ಇಲ್ಲಿಗೆ ಬಂದರೆ ಆಚೆ ಇನ್ನೂ ಎರಡು ಟೇಬಲ್ ಹಿಡಿಸುತ್ತದೆ ಅಂದರು. ಮುಂಬೈಯಲ್ಲಿ ಎರಡು ಟೇಬಲ್ ಜಾಗ ಸಿಗುವುದು ಅಂದರೆ ಏನು ಅಂತ ಹೋಟೆಲಿನವರಿಗೆ ಗೊತ್ತು. ನಾನು ಹೂಂ ಅಂದುಬಿಟ್ಟೆ.

ತಡೆದವರು ನಮ್ಮ ಅಡುಗೆ ಭಟ್ಟರು. "ಒಲೆ ಹತ್ತಿರ ಬೆಂಕಿ ಹಿಡಿದರೆ ನಾನು ಎತ್ಲಾಗೆ ಓಡಲಿ?" ಅಂತ ಕೇಳಿದರು.

ಅವತ್ತು ರಾತ್ರಿ ಶಟರ್ ಎಳೆದು ಲೈಟೆಲ್ಲ ಆರಿಸಿದೆವು. ಹೊಗೆ ತುಂಬಿದರೆ ಹಾಗೇ ತಾನೇ, ಕಣ್ಣಿಗೆ ಏನೂ ಕಾಣುವುದಿಲ್ಲ. ಭಟ್ಟರು ಗೋಡೆ ಹಿಡಿದು ಹೊರಟರು. ಮೊದಲು ಖಾಲಿ ಕ್ರೇಟ್ ಎಡವಿದರು, ಆಮೇಲೆ ಇಡ್ಲಿ ರವೆ ಮೂಟೆ, ಆಮೇಲೆ ಬೀಗ. ನಾನು ಕೀ ತಂದು ತೆಗೆದರೆ ಬಾಗಿಲು ಅರ್ಧಕ್ಕೇ ನಿಂತಿತು, ಯಾಕೆಂದರೆ ಅದು ಒಳಗಡೆಗೆ ತೆರೆಯುವ ಬಾಗಿಲು, ಹಿಂದೆ ಮೂಟೆ ಅಡ್ಡ. ಹತ್ತು ಜನ ಒಟ್ಟಿಗೆ ಬಂದು ಒತ್ತಿದ್ದರೆ ಅಷ್ಟೂ ತೆರೆಯುತ್ತಿರಲಿಲ್ಲ.

2017ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. 18ನೇ ತಾರೀಕು ಸಾಕಿನಾಕಾದ ಫರ್ಸಾನ್ (ಕುರುಕಲು ತಿಂಡಿ) ಅಂಗಡಿಯ ಬೆಂಕಿಯಲ್ಲಿ 12 ಕೆಲಸಗಾರರು ಹೋದರು. 29ಕ್ಕೆ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದ ಪಬ್ ಬೆಂಕಿಯಲ್ಲಿ 14 ಜನ. ದಾರಿ ಸಿಗದೆ ಟಾಯ್ಲೆಟ್ ಒಳಗೆ ಸೇರಿಕೊಂಡವರು ಅವರಲ್ಲಿ ಜಾಸ್ತಿ. ನಮ್ಮ ಹುಡುಗರೂ ಕೆಲಸ ಮುಗಿಸಿ ಇಲ್ಲೇ ಅಟ್ಟದ ಮೇಲೆ ಮಲಗುತ್ತಿದ್ದರು. ಲೈಟ್ ಆರಿಸಿ ನೋಡಿದ ಆ ರಾತ್ರಿ ಇದೆಲ್ಲ ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

ಪ್ಲಾನ್ ಬದಲಾಯಿಸಿದೆವು. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಎಕ್ಸಿಟ್ ಬಾಗಿಲು ಕಡಿಮೆ ಅಂದರೂ 1 ಮೀಟರ್ ಅಗಲ, 2 ಮೀಟರ್ ಎತ್ತರ ಇರಬೇಕು. ಹೊರಗಡೆಗೆ ತೆರೆಯಬೇಕು. ಮುಖ್ಯವಾಗಿ, ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು. ಹಳೆಯ ಚೌಕಟ್ಟು ಅಷ್ಟು ಅಗಲ ಇರಲಿಲ್ಲ, ಗೋಡೆ ಒಡೆಸಿದೆವು. ಈಗ ಕಬ್ಬಿಣದ ಬಾಗಿಲಿದೆ, ಅಡ್ಡಕ್ಕೊಂದು ಪ್ಯಾನಿಕ್ ಬಾರ್. ಕೈಯಲ್ಲಿ ಸಾಮಾನಿದ್ದರೂ ಸೊಂಟದಿಂದ ದೂಡಿದರೆ ಸಾಕು. ಮೇಲೆ ಬ್ಯಾಟರಿಯ ಎಕ್ಸಿಟ್ ಲೈಟ್. ಕರೆಂಟ್ ಹೋದಾಗಲೇ ಅಲ್ವಾ ಅದು ಬೇಕಾಗುವುದು?

ಮಹಾರಾಷ್ಟ್ರದಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯಿಂದ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ಸುರಕ್ಷತೆಯ ವ್ಯವಸ್ಥೆ ಸರಿಯಾಗಿದೆ ಅಂತ ಹೇಳುವ ಫಾರ್ಮ್ ಬಿ ಸರ್ಟಿಫಿಕೇಟ್ ಪಡೆಯಬೇಕು. ಸುಮ್ನೆ ಸಹಿ ಹಾಕಿಸಿಕೊಳ್ಳಬೇಡಿ. ಬಂದವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಬಾಗಿಲು ತೆರೆಸಿ. ಗೋಡೆ ಕೆಡವುವ ಮೊದಲೇ ಪ್ಲಾನ್ ತೋರಿಸಿದರೆ ಇನ್ನೂ ಒಳ್ಳೆಯದು, ನಾವು ತಡಮಾಡಿ ಒಂದು ಗೋಡೆಯನ್ನು ಎರಡು ಸಲ ಕಟ್ಟಿದೆವು.

ಹುಡುಗರಿಗೆ ಹತ್ತಿರದಲ್ಲೇ ರೂಮ್ ಹಿಡಿದಿದ್ದೇನೆ. ಎರಡು ಟೇಬಲ್ ಬರಲಿಲ್ಲ.

ನೆಲದ ಮೇಲೆ ಹಳದಿ ಪಟ್ಟಿ ಕಾಣುತ್ತಿದೆಯಲ್ಲ, ಒಲೆಯಿಂದ ಬಾಗಿಲವರೆಗೆ? ಅದು ಭಟ್ಟರೇ ಬಳಿದದ್ದು. ನಿನ್ನೆ ತರಕಾರಿಯವನು ಕೋಸಿನ ಮೂಟೆ ಅದರ ಮೇಲೆ ಇಳಿಸಲು ಹೋದ. ಭಟ್ಟರು ದೋಸೆ ಮಗುಚುವುದನ್ನು ಬಿಟ್ಟು ಬಂದು, ಮೂಟೆಯನ್ನು ಮತ್ತೆ ಅವನ ಹೆಗಲಿಗೇ ಹೊರಿಸಿದರು.